ನಲವತ್ತೊಂದು ಮರೆವುಗಳು

1984ರ ಜುಲೈಯಲ್ಲಿ ನಾನು ಡೊಂಬಿವಲಿಯ ಒಂದು ಕನ್ನಡ ಸಂಘದ ನಾಟಕ ವಿಭಾಗಕ್ಕೆ ಪ್ರಾಂಪ್ಟರ್ ಆಗಿದ್ದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಹಗಲು ಠಾಣೆಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ. ಬುಧವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಕೋಣೆಯಲ್ಲಿ ನಾಟಕದ ತಾಲೀಮು. ಹೊಟ್ಟೆ ಹೊರೆದದ್ದು ಟೈಪಿಂಗ್. ಆದರೆ ಕೆಲಸದ ವಿಷಯದಲ್ಲಿ ನಾನು ಕಲಿತದ್ದೆಲ್ಲ ತಾಲೀಮಿನಲ್ಲಿ.

ಪ್ರಾಂಪ್ಟರ್ ಎಂದರೆ ರಂಗದ ಪಕ್ಕದ ಪರದೆಯ ಮರೆಯಲ್ಲಿ ನಾಟಕದ ಪೂರ್ತಿ ಪ್ರತಿ ಹಿಡಿದು ನಿಲ್ಲುವವರು. ನಟ ಮಾತು ಮರೆತರೆ ಅದರ ಮೊದಲ ಎರಡು ಪದಗಳನ್ನು ಮೆಲ್ಲಗೆ ಹೇಳಿಕೊಡಬೇಕು. ಪ್ರತಿಯೊಬ್ಬರಿಗೂ ಅವರವರ ‘ಪಾರ್ಟು’ ಬರೆದು ಕೊಡುವುದೂ ನನ್ನ ಕೆಲಸವೇ ಆಗಿತ್ತು. ಪಾರ್ಟಿನಲ್ಲಿ ಆ ನಟನ ಮಾತುಗಳಷ್ಟೇ ಇರುತ್ತವೆ. ಪ್ರತಿ ಮಾತಿಗೂ ಮೊದಲು ಎದುರಿನವರ ಮಾತಿನ ಕೊನೆಯ ಎರಡು ಮೂರು ಪದಗಳು. ಇವನ್ನು ಕ್ಯೂ ಎನ್ನುತ್ತೇವೆ. ತನ್ನ ಮಾತು ಬಾಯಿಪಾಠವಾದರೆ ಸಾಲದು. ಕ್ಯೂ ಬಂದ ಕೂಡಲೇ ಅದು ಯೋಚನೆಯಿಲ್ಲದೆ ಹೊರಡಬೇಕು. ನಟರು ದಿನಗಟ್ಟಲೆ ಅಭ್ಯಾಸ ಮಾಡುವುದು ಇದನ್ನೇ.

ಒಬ್ಬೊಬ್ಬರ ಅಭ್ಯಾಸ ಒಂದೊಂದು ರೀತಿ. ಮಗಳ ಪಾತ್ರದ ಸುನಂದಾ ಕಲ್ಯಾಣದಲ್ಲಿ ಹುಟ್ಟಿದವಳು. ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಪಾರ್ಟನ್ನು ದೇವನಾಗರಿಯಲ್ಲಿ ಬರೆಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸುತ್ತಿದ್ದಳು. ಮನೆ ಮಾಲೀಕನ ಪಾತ್ರದ ಪ್ರಭಾಕರ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಅಡ್ಡಾಡುತ್ತ ಹತ್ತು ಹೆಜ್ಜೆಗೆ ಒಂದು ಮಾತಿನಂತೆ ಕಲಿಯುತ್ತಿದ್ದ. ಮುಖ್ಯ ಪಾತ್ರ, ಮುದುಕ ದರ್ಜಿಯದು, ಶಂಕ್ರಪ್ಪ ಕಾಕಾನಿಗೆ ಬಂದಿತ್ತು. ವಿಜಯಪುರದ ಕಡೆಯವರು, ನಲವತ್ತೊಂಬತ್ತು ವರ್ಷ, ರಬಾಳೆಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಷೀನ್ ನಡೆಸುತ್ತಿದ್ದರು. ಅವರಿಗೆ ಬರೀ ಪಾರ್ಟು ಸಾಲುತ್ತಿರಲಿಲ್ಲ.

“ಯವ್ವಾ, ನನ್ನ ಮಾತಷ್ಟ ಬ್ಯಾಡ. ಎಲ್ಲಾರ್ದೂ ಬರಕೊಡು. ಆಮ್ಯಾಲ ನನ್ನ ಮುಂದ ಕುಂತು ಒಮ್ಮೆ ಸಾವಕಾಶ ಓದು.”

ಕೈ ನೋಯುವಷ್ಟು ಬರೆದು ಕೊಟ್ಟೆ. ಇವರದು ಹೆಚ್ಚಿನ ಶ್ರದ್ಧೆ ಎಂದುಕೊಂಡೆ.

ನನಗೆ ಮೊದಲಿಂದಲೂ ಎಲ್ಲವನ್ನೂ ಲೆಕ್ಕವಿಡುವ ರೂಢಿ. ತಾಲೀಮಿನ ಪುಸ್ತಕದಲ್ಲಿ ಗೆರೆ ಎಳೆದು ತಾರೀಖು, ದೃಶ್ಯ, ನಟ, ತಪ್ಪು ಎಂದು ನಾಲ್ಕು ಅಂಕಣ ಮಾಡಿದ್ದೆ. ನಟ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿದ್ದರೆ, ಎದುರಿನವರ ಮಾತು ಮುಗಿಯುವ ಮೊದಲೇ ಶುರುಮಾಡಿದರೆ, ನಾನು ಹೇಳಿಕೊಟ್ಟದ್ದನ್ನು ಹಿಡಿಯದಿದ್ದರೆ ಒಂದೊಂದು ಗೀಟು. ಎಲ್ಲಕ್ಕೂ ಒಂದೇ ಹೆಸರು ಕೊಟ್ಟಿದ್ದೆ: ಮರೆವು. ಆ ಹೆಸರು ಕೊಟ್ಟದ್ದೇ ನನ್ನ ತಪ್ಪು. ಅದು ನನಗೆ ಗೊತ್ತಾಗಲು ಏಳು ವಾರ ಹಿಡಿಯಿತು.

ಜುಲೈ 1ರಿಂದ 25ರವರೆಗೆ ಎಂಟು ತಾಲೀಮು ನಡೆದವು. ಶಂಕ್ರಪ್ಪ ಕಾಕಾನ ಮರೆವು ಒಟ್ಟು ಹನ್ನೊಂದು. ಸುನಂದಾಳದು ಇಪ್ಪತ್ತಾರು. “ಏನ್ ಯವ್ವಾ, ಪಂಚಾಂಗ ಬರ್ಯಾಕತ್ತೀಯೇನು? ನನ್ನ ರಾಶಿಫಲ ಹೆಂಗೈತಿ?” ಎಂದು ಕಾಕಾ ಚೇಷ್ಟೆ ಮಾಡುತ್ತಿದ್ದರು. ಜುಲೈ 29ರ ಭಾನುವಾರ ನಿರ್ದೇಶಕ ವಿಠಲಣ್ಣ ಎರಡನೆಯ ಅಂಕದ ಬ್ಲಾಕಿಂಗ್ ಬದಲಿಸಿದರು. ಬ್ಲಾಕಿಂಗ್ ಎಂದರೆ ಯಾರು ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು ಎಂಬ ಏರ್ಪಾಡು. ಮಗಳು ಅಪ್ಪನಿಗೆ ಬೆನ್ನು ಹಾಕಿ ಕಿಟಕಿಯ ಹೊರಗೆ ನೋಡುತ್ತ ಮಾತಾಡಬೇಕು. ವಿಠಲಣ್ಣ ಕುಂದಾಪುರ ಕಡೆಯವರು, ಠಾಣೆಯಲ್ಲಿ ಹೋಟೆಲ್ ಮ್ಯಾನೇಜರ್. ರಂಗದ ಮೇಲೆ ಚಿತ್ರ ಚೆನ್ನಾಗಿ ಕಾಣಬೇಕೆಂಬ ಹಟ ಅವರಿಗೆ.

ಅಂದಿನಿಂದ ಕಾಕಾ ತಪ್ಪತೊಡಗಿದರು. ಒಮ್ಮೆ ಕ್ಯೂ ಮುಗಿದರೂ ಕಂಬದಂತೆ ನಿಲ್ಲುವುದು, ಒಮ್ಮೆ ಸುನಂದಾಳ ಮಾತಿನ ಮಧ್ಯೆ ನುಗ್ಗುವುದು. ಎಡಗಡೆಯ ಪರದೆಯಿಂದ ನಾನು ಹೇಳಿಕೊಟ್ಟರೂ ಹಿಡಿಯುತ್ತಿರಲಿಲ್ಲ. ಆಗಸ್ಟ್ 19ರವರೆಗಿನ ಏಳು ತಾಲೀಮಿನಲ್ಲಿ ನಲವತ್ತೊಂದು ಗೀಟು ಬಿದ್ದವು.

ಪ್ರದರ್ಶನ ಸೆಪ್ಟೆಂಬರ್ 16ಕ್ಕೆ ನಿಗದಿಯಾಗಿತ್ತು. ಆಗಸ್ಟ್ 19ರ ತಾಲೀಮು ಮುಗಿದ ಮೇಲೆ ವಿಠಲಣ್ಣ ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ ನನಗೆ ಹೇಳಿದರು: “ವೀಣಾ, ಲೆಕ್ಕ ಓದು ಮಾರಾಯ್ತಿ. ನಾನು ಹೇಳಿದ್ರೆ ಬೈದ ಹಾಗೆ ಆಗ್ತದೆ.”

ಓದಿದೆ. ಹನ್ನೊಂದು, ಆಮೇಲೆ ನಲವತ್ತೊಂದು. ಓದುವಾಗ ಕಾಕಾ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಮುಗಿದ ಮೇಲೆ, “ಲೆಕ್ಕ ಖರೇ ಐತಿ,” ಎಂದರು. ಅಷ್ಟೇ.

ವಿಠಲಣ್ಣ ಬುಧವಾರ ಕೊನೆಯ ಅವಕಾಶ ಎಂದರು. ಆಗಲೂ ಹೀಗೇ ಆದರೆ ದರ್ಜಿಯ ಪಾತ್ರ ಪ್ರಭಾಕರನಿಗೆ, ಪ್ರಭಾಕರನ ಚಿಕ್ಕ ಪಾತ್ರ ತಮಗೆ.

ಮನೆಗೆ ಬಂದು ಊಟ ಮುಗಿಸಿ ಪುಸ್ತಕ ತೆರೆದೆ. ತಪ್ಪುಗಳನ್ನು ತಾರೀಖಿನ ಪ್ರಕಾರ ಅಲ್ಲದೆ, ಕ್ಯೂ ಕೊಡುವವರು ಯಾವ ಕಡೆ ತಿರುಗಿ ನಿಂತಿದ್ದರು ಎಂಬುದರ ಪ್ರಕಾರ ಬೇರೆ ಹಾಳೆಯಲ್ಲಿ ಬರೆದೆ. ನಲವತ್ತೊಂದರಲ್ಲಿ ಮೂವತ್ತಾರು ಸುನಂದಾ ಬೆನ್ನು ಹಾಕಿ ನಿಂತಾಗ ಆದವು. ಉಳಿದ ಐದು, ಪ್ರಭಾಕರ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ ಮಾತಾಡುವ ಜಾಗದಲ್ಲಿ. ಎದುರಿನವರ ಬಾಯಿ ಕಾಣುವ ಕಡೆ ಒಂದೂ ಇರಲಿಲ್ಲ.

ಮಂಗಳವಾರ ಸಂಜೆ ಆರಕ್ಕೆ ಠಾಣೆ ಸ್ಟೇಷನ್ನಿನ ಸೇತುವೆಯ ಬಳಿ ಕಾದು ನಿಂತೆ. ಕಾಕಾ ರಬಾಳೆಯಿಂದ ಬಸ್ಸಿನಲ್ಲಿ ಬಂದು ಅಲ್ಲಿಂದ ಡೊಂಬಿವಲಿಯ ಲೋಕಲ್ ಹಿಡಿಯುತ್ತಿದ್ದರು. ಅವರು ಮೆಟ್ಟಿಲು ಇಳಿಯುವಾಗ ಹಿಂದಿನಿಂದ “ಕಾಕಾ” ಎಂದೆ. ಎರಡನೆಯ ಸಲ ಜೋರಾಗಿ ಕರೆದೆ. ಮೂರನೆಯ ಸಲ ಕೂಗಿದಾಗ ಬಾಳೆಹಣ್ಣು ಮಾರುವವಳು ತಿರುಗಿ ನೋಡಿದಳು, ಕಾಕಾ ತಿರುಗಲಿಲ್ಲ. ಓಡಿ ಹೋಗಿ ಎದುರಿಗೆ ನಿಂತೆ.

“ಯವ್ವಾ, ನೀ ಇಲ್ಲಿ?”

ನಾನು ಎರಡನೆಯ ಅಂಕದ ಮಗಳ ಮಾತನ್ನು ದನಿ ಹೊರಡಿಸದೆ ಬರೀ ತುಟಿ ಆಡಿಸಿ ಹೇಳಿದೆ: ಅಪ್ಪಾ, ಈ ಮನೆಯಲ್ಲಿ ನನ್ನ ಜಾಗ ಯಾವುದು?

ಮೇಲೆ ಧ್ವನಿವರ್ಧಕ ಅರಚುತ್ತಿತ್ತು, ಪಕ್ಕದಲ್ಲಿ ಫಾಸ್ಟ್ ಗಾಡಿ ಹಾದುಹೋಗುತ್ತಿತ್ತು. ಕಾಕಾ ನೆಟ್ಟಗೆ ನಿಂತು ದರ್ಜಿಯ ದನಿಯಲ್ಲೇ ಹೇಳಿದರು: “ನೀನು ಹುಟ್ಟಿದ ದಿನದಿಂದ ನಾನು ನಿಂತೇ ಇದ್ದೇನೆ ಮಗಳೇ. ಈ ಮನೆಯಲ್ಲಿ ಖಾಲಿ ಇರುವುದೆಲ್ಲ ನಿನ್ನದೇ.”

ಒಂದು ಪದವೂ ತಪ್ಪಿರಲಿಲ್ಲ. ಆಮೇಲೆ ಅವರಿಗೆ ಹೊಳೆಯಿತು. ಮುಖ ಸಣ್ಣದಾಯಿತು.

“ಬರೇ ಬಾಯಿ ಆಡಿಸಿದಿ, ಹೌದಲ್ಲ?”

“ಹೌದು ಕಾಕಾ.”

“ಹದಿನಾಕು ವರ್ಷ ಪ್ರೆಸ್ ಮುಂದ ನಿಂತೀನಿ. ಎಡಗಿವಿ ಪೂರಾ ಹೋಗೇತಿ. ಬಲಗಿವಿ ಅರ್ಧಾ ಐತಿ.”

ಎಲ್ಲರ ಮಾತನ್ನೂ ಬರೆಸಿಕೊಂಡದ್ದು ಯಾಕೆಂದು ಆಗ ತಿಳಿಯಿತು. ಇಡೀ ನಾಟಕ ಅವರಿಗೆ ಬಾಯಿಪಾಠವಿತ್ತು. ಎದುರಿನವರ ತುಟಿ ನೋಡಿ ಎಲ್ಲಿಗೆ ಬಂದಿದ್ದಾರೆಂದು ತಿಳಿದು ತಮ್ಮ ಮಾತು ಎತ್ತಿಕೊಳ್ಳುತ್ತಿದ್ದರು. ಬೆನ್ನು ತಿರುಗಿದಾಗ ಮನಸ್ಸಿನಲ್ಲೇ ಮಗಳ ಮಾತು ಓಡಿಸಿ ಅಂದಾಜಿನ ಮೇಲೆ ಶುರುಮಾಡುತ್ತಿದ್ದರು. ಸುನಂದಾ ದಿನಕ್ಕೊಂದು ವೇಗದಲ್ಲಿ ಮಾತಾಡುವವಳು, ಅಂದಾಜು ಹೇಗೆ ನಿಲ್ಲಬೇಕು?

“ನಾನು ವಿಠಲಣ್ಣನಿಗೆ ಹೇಳ್ತೇನೆ. ಸುನಂದಾ ನಿಮ್ಮ ಕಡೆ ತಿರುಗಿ ನಿಂತರೆ ಮುಗೀತಲ್ಲ?”

ಕಾಕಾ ನನ್ನ ಮಣಿಕಟ್ಟು ಹಿಡಿದರು. “ವಿಠಲಣ್ಣಗ ಹೇಳಿದ್ರ ಸಂಘಕ್ಕೆಲ್ಲಾ ಹೇಳಿದಂಗ. ಪ್ರಭಾಕರ ನಮ್ಮ ಕಾರ್ಖಾನಿ ಟೈಮ್ ಆಫೀಸ್ನಾಗ ಹಾಜರಿ ಬರಕೋತ ಅದಾನ. ಒಳ್ಳೇ ಹುಡುಗ, ಆದ್ರ ಗೊತ್ತಾದ ಮ್ಯಾಲ ಸಾಹೇಬಗ ಹೇಳಲಿಕ್ಕೇ ಬೇಕು. ಕಿವಿ ಕೇಳದಂವಗ ಪ್ರೆಸ್ ಕೊಡಂಗಿಲ್ಲ. ಬ್ಯಾರೆ ಕೆಲಸ ನನಗ ಬರಂಗಿಲ್ಲ.”

“ಮತ್ತೆ ಎಲ್ಲರೂ ನಿಮ್ಮನ್ನ ಮರೆಗುಳಿ ಅಂತಾರಲ್ಲ?”

“ಅನ್ಲಿ. ಮರೀತಾನಂತ ಯಾರೂ ಮಷೀನ್ ಕಸಕೊಳ್ಳೂದಿಲ್ಲ. ನಿನ್ನ ಲೆಕ್ಕ ಹಂಗ ಇರಲಿ ಯವ್ವಾ.”

ಬುಧವಾರ ತಾಲೀಮಿಗೆ ಮೊದಲು ನಾನು ಸುನಂದಾಳನ್ನು ಪಕ್ಕಕ್ಕೆ ಕರೆದು, ಪ್ರತಿ ಮಾತಿನ ಕೊನೆಗೆ ಒಮ್ಮೆ ಕಾಕಾನ ಕಡೆ ಮುಖ ತಿರುಗಿಸು ಎಂದೆ. ಕಾರಣ ಹೇಳಲಿಲ್ಲ. “ವಿಠಲಣ್ಣ ಓರಡ್ತೀಲ್ ಹಂ,” ಎಂದಳು ಮರಾಠಿಯಲ್ಲಿ, ಬೈತಾರೆ ಎಂದು. ಆದರೂ ಒಪ್ಪಿದಳು.

ಎರಡನೆಯ ಅಂಕ ಶುರುವಾಯಿತು. ಸುನಂದಾ ಕಿಟಕಿಯ ಕಡೆ ನೋಡುತ್ತಲೇ ಕೊನೆಯ ಪದಕ್ಕೆ ಮುಖ ತಿರುಗಿಸಿದಳು. ಕಾಕಾ ಮಾತು ಎತ್ತಿಕೊಂಡರು. ಮತ್ತೆ, ಮತ್ತೆ. ಆ ಹೊತ್ತಿನವರೆಗೆ ಒಂದೂ ತಪ್ಪಿರಲಿಲ್ಲ. ದರ್ಜಿಯ ದುಃಖ ಆ ಶಾಲೆಯ ಕೋಣೆಯನ್ನು ತುಂಬಿತ್ತು. ಪ್ರಭಾಕರ ಕೂಡ ಪಾರ್ಟು ಮಡಿಚಿ ಇಟ್ಟು ನೋಡುತ್ತಿದ್ದ.

“ನಿಲ್ಸಿ!” ವಿಠಲಣ್ಣ ಎದ್ದರು. “ಎಂತ ನಿಂದು ಸುನಂದಾ, ಗುಬ್ಬಿ ಹಾಗೆ ಕುತ್ತಿಗೆ ತಿರುಗಿಸೂದು? ಯಾರು ಹೇಳಿದ್ದು?”

ಸುನಂದಾ ನನ್ನ ಕಡೆ ನೋಡಿದಳು. ವಿಠಲಣ್ಣನೂ ತಿರುಗಿದರು. “ನೀನಾ? ಯಾಕೆ?”

ನನ್ನ ಎದುರಿಗೇ ಪ್ರಭಾಕರ ಕುಳಿತಿದ್ದ. ನಿಜ ಹೇಳಿದರೆ ಪಾತ್ರ ಉಳಿಯುತ್ತದೆ, ನೌಕರಿ ಹೋಗುತ್ತದೆ. ಸುಮ್ಮನಿದ್ದರೆ ಪಾತ್ರ ಹೋಗುತ್ತದೆ. ಅಷ್ಟರಲ್ಲಿ ಕಾಕಾ ಮುಂದೆ ಬಂದರು.

“ಅಕೀದೇನ್ ತಪ್ಪಿಲ್ರಿ. ನನಗ ನೆನಪಽ ಉಳಿವಲ್ದು. ಹುಡುಗಿ ಮುಖಾ ಕಂಡ್ರ ನೆನಪಾದೀತಂತ ನಾನಽ ಹೇಳಿಸಿದ್ದೆ. ಹಿಂಗ ಎಷ್ಟ್ ದಿನಾ ನಡದೀತು?” ಎಂದು, ಅಂಗಿಯ ಜೇಬಿನಿಂದ ಪಾರ್ಟು ತೆಗೆದು ಪ್ರಭಾಕರನ ಕೈಗಿಟ್ಟರು. “ತಗೋ ತಮ್ಮಾ. ಎರಡನೇ ಅಂಕದಾಗ ಅವಸರ ಮಾಡಬ್ಯಾಡ.”

ವಿಠಲಣ್ಣ, “ಬೇಜಾರ ಮಾಡ್ಬೇಡಿ ಶಂಕ್ರಪ್ಪ, ವಯಸ್ಸಾದ್ರೆ ಎಲ್ರಿಗೂ ಆಗೂದೇ,” ಎಂದು ಅವರ ಬೆನ್ನ ಹಿಂದಿನಿಂದ ಸಮಾಧಾನ ಹೇಳಿದರು. ಅದು ಕಾಕಾನಿಗೆ ಕೇಳಿಸಲಿಲ್ಲ.

ಸೆಪ್ಟೆಂಬರ್ 16ರ ಪ್ರದರ್ಶನ ಚೆನ್ನಾಗಿಯೇ ಆಯಿತು. ಪ್ರಭಾಕರನಿಗೆ ನಾನು ಮೂರೇ ಕಡೆ ಹೇಳಿಕೊಡಬೇಕಾಯಿತು. ಸಂಘದ ವರದಿಯಲ್ಲಿ ನಟ ಬದಲಾದ ಕಾರಣ ‘ಮರೆವು’ ಎಂದು ದಾಖಲಾಯಿತು. ಆಧಾರ ನನ್ನ ಪುಸ್ತಕ.

ಅಲ್ಲಿಗೆ ಮುಗಿಯಲಿಲ್ಲ. ಆ ವಾರದಿಂದ ನನಗೆ ಹೊಸ ಭಯ ಹಿಡಿಯಿತು. ಪ್ರೆಸ್ಸಿನ ಮುಂದೆ ನಿಂತವನಿಗೆ ಹಿಂದಿನಿಂದ ಯಾರೋ “ಕೈ ತೆಗಿ” ಎಂದು ಕೂಗಿದರೆ? ಕಿವಿ ಕೇಳದವನಿಗೆ ಆ ಮಷೀನ್ ಕೊಡಬಾರದೆಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಅವರ ನೌಕರಿ ಉಳಿಸಿದೆ ಎಂದುಕೊಂಡ ನಾನು ಅವರನ್ನು ಅದೇ ಮಷೀನಿಗೆ ಕಳಿಸುತ್ತಲೂ ಇದ್ದೆ. ರೈಲಿನಲ್ಲಿ, ಪೇಟೆಯಲ್ಲಿ, ಸಂಘದ ಸಭೆಯಲ್ಲಿ ಸಿಕ್ಕಾಗಲೆಲ್ಲ ಮೊದಲು ಅವರ ಕೈ ನೋಡುತ್ತಿದ್ದೆ. ಎರಡು ವರ್ಷ ಎಂಟು ತಿಂಗಳು ನೋಡಿದೆ.

1987ರ ಮೇ ತಿಂಗಳಲ್ಲಿ ಕಾಕಾ ತಾವಾಗಿಯೇ ನೌಕರಿ ಬಿಟ್ಟು ವಿಜಯಪುರಕ್ಕೆ ಹೊರಟರು. ಕಲ್ಯಾಣ ಸ್ಟೇಷನ್ನಿಗೆ ಹೋಗಿದ್ದೆ. ಕಿಟಕಿಯ ಸರಳು ಹಿಡಿದು ಕೂತಿದ್ದವರು ನನ್ನ ಕಣ್ಣು ಹೋದ ಕಡೆ ನೋಡಿ ನಕ್ಕರು.

“ಎಣಸಾಕತ್ತೀಯೇನ್ ಯವ್ವಾ? ಹತ್ತೂ ಅದಾವ ನೋಡು.”

ಹತ್ತೂ ಇದ್ದವು. ಆದರೆ ಅದು ನಾನು ಮಾಡಿದ್ದು ಸರಿ ಎಂಬುದಕ್ಕೆ ಪುರಾವೆಯಲ್ಲ. ಒಂದು ಬೆರಳು ಹೋಗಿದ್ದರೆ ಯಾವ ಅಂಕಣದಲ್ಲಿ ಬರೆಯುತ್ತಿದ್ದೆನೋ ನನಗೆ ಇಂದಿಗೂ ಗೊತ್ತಿಲ್ಲ.

ಈಗಲೂ ಪ್ರಾಂಪ್ಟರ್ ಕೆಲಸ ಮಾಡುತ್ತೇನೆ, ಲೆಕ್ಕವನ್ನೂ ಇಡುತ್ತೇನೆ. ಆದರೆ ತಾಲೀಮಿನಲ್ಲಿ ನಟನೊಬ್ಬ ಮಾತು ಬಾರದೆ ನಿಂತರೆ ಪೆನ್ನು ಎತ್ತುವುದಿಲ್ಲ. ಪರದೆಯ ಮರೆಯಿಂದ ಹೊರಗೆ ಬಂದು, ಅವನ ಎದುರಿಗೆ ನಿಂತು, ಏನಾಯಿತು ಎಂದು ಮೊದಲು ಕೇಳುತ್ತೇನೆ.