ಶನಿವಾರದ ಕೆಮ್ಮು

ಒಂಬತ್ತನೇ ತರಗತಿಯ ಹುಡುಗಿಯರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಖಚಿತವಾದದ್ದು ಅವರು ತೀರಾ ಒಳ್ಳೆಯ ಮಾತುಗಳನ್ನು ಆಡತೊಡಗಿದಾಗ.

ಹತ್ತನೇ ತರಗತಿಯವರ ಫೇರ್‌ವೆಲ್ ಹತ್ತಿರ ಬಂದಿತ್ತು. ಜೂನಿಯರ್‌ಗಳು ವೇದಿಕೆಗೆ ಬಂದು ಮುಗಿಯುತ್ತಿರುವ ವರ್ಷದ ಬಗ್ಗೆ ಒಂದೆರಡು ಮಾತಾಡಬೇಕು, ಅದೂ ಇಂಗ್ಲಿಷಿನಲ್ಲಿ, ಎಂದು ಎಚ್.ಎಂ. ಮೇಡಂ ತೀರ್ಮಾನಿಸಿದ್ದರು. ತಯಾರಿ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. ಮೂಕಂಡಪಲ್ಲಿಯ ನಮ್ಮ ಮನೆಯಿಂದ ಶಾಲೆ ನಡೆದುಹೋಗುವಷ್ಟು ಹತ್ತಿರ. ಯಜಮಾನರ ಫ್ಯಾಕ್ಟರಿ ಕೆಲಸದ ದೆಸೆಯಿಂದ ಬೆಂಗಳೂರು ಬಿಟ್ಟು ತಮಿಳುನಾಡಿನ ಗಡಿಯ ಹೊಸೂರಿಗೆ ಬಂದವಳು ನಾನು. ಅವರು ತೀರಿಕೊಂಡ ಮೇಲೆ, ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಸುಮ್ಮನೆ ತುಕ್ಕು ಹಿಡಿಯುವುದೇಕೆ ಎಂದು ಶನಿವಾರಗಳಂದು ಆ ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡಲು ಹೋಗುತ್ತೇನೆ. ಅವರು ನನ್ನನ್ನು ಅಜ್ಜಿ ಮಿಸ್ ಎನ್ನುತ್ತಾರೆ. ನನಗದು ಇಷ್ಟ, ಅವರಿಗೆ ಹೇಳಿಲ್ಲ ಅಷ್ಟೆ.

"ಲುಕ್ ಬ್ಯಾಕ್ ಅಟ್ ದಿ ಇಯರ್. ಮನಸ್ಸಿಗೆ ಬಂದದ್ದು ಹೇಳಿ," ಎಂದೆ.

ಮೊದಲನೆಯವಳು ಎದ್ದಳು. "ದಿಸ್ ಇಯರ್ ವಾಸ್ ವೆರಿ ನೈಸ್, ಮಿಸ್. ಅವರ್ ಟೀಚರ್ಸ್ ವರ್ ವೆರಿ ಕೈಂಡ್. ವಿ ಆರ್ ಆಲ್ ಹ್ಯಾಪಿ."

ಎರಡನೆಯವಳದೂ ಅದೇ. ಮೂರನೆಯವಳು ಕೈಂಡ್ ಅನ್ನುವಲ್ಲಿ ಗುಡ್ ಅಂದಳು, ಅಷ್ಟೇ ವ್ಯತ್ಯಾಸ. ಇಡೀ ಕ್ಲಾಸು ಹ್ಯಾಪಿ! ಹದಿನಾಲ್ಕು ವರ್ಷದ ಹುಡುಗಿಯರ ಇಡೀ ಕ್ಲಾಸು ಖುಷಿಯಾಗಿರುವುದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಇನ್ನೊಂದನ್ನೂ ಗಮನಿಸಿದೆ. ಬಾಯಿ ತೆರೆಯುವ ಮುಂಚೆ ಪ್ರತಿಯೊಬ್ಬಳ ಕಣ್ಣೂ ಒಂದು ಕ್ಷಣ ಕಿಟಕಿ ಪಕ್ಕದ ಬೆಂಚಿಗೆ ಹೋಗಿ ಬರುತ್ತಿತ್ತು. ಅಲ್ಲಿ ಕೂರುವವಳು ತಳಿ ಎಂಬ ಊರಿನ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗಿ. ಅವಳ ತಾಯಿಗೆ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಹೂ ಪ್ಯಾಕ್ ಮಾಡುವ ಕೆಲಸ.

ನನ್ನದು ಅನುಮಾನದ ಸ್ವಭಾವ. ಅದನ್ನು ಕಲಿಸಿದ್ದೂ ಕಾನ್ವೆಂಟೇ. ಕನ್ನಡ ಮಾತಾಡಿ ಸಿಕ್ಕಿಬಿದ್ದವಳ ಕೊರಳಿಗೆ ಸಿಸ್ಟರ್ ಒಂದು ಮರದ ಬಿಲ್ಲೆ ಹಾಕುತ್ತಿದ್ದರು. ಅವಳು ಇನ್ನೊಬ್ಬಳನ್ನು ಹಿಡಿದುಕೊಟ್ಟರೆ ಬಿಲ್ಲೆ ಆ ಹೊಸಬಳ ಕೊರಳಿಗೆ ದಾಟುತ್ತಿತ್ತು. ಹಾಗಾಗಿ ಗೆಳತಿ "ಅಮ್ಮಾ" ಎಂದು ಎಡವಿಬಿದ್ದರೂ ನಾವು ಓಡಿಹೋಗುತ್ತಿದ್ದದ್ದು ಎತ್ತಲಿಕ್ಕಲ್ಲ, ಹಿಡಿಯಲಿಕ್ಕೆ. ತಪ್ಪು ಹಿಡಿಯುವ ಆ ಕಿವಿ ಇನ್ನೂ ನನ್ನ ತಲೆಗೇ ಅಂಟಿಕೊಂಡಿದೆ.

ಮನೆಗೆ ಬಂದು ವರ್ಷವನ್ನು ನಾನೇ ಹಿಂದಿರುಗಿ ನೋಡಿದೆ. ನೆನಪಿಗೆ ಬಂದದ್ದು ಕೆಮ್ಮು. ತಳಿಯ ಹುಡುಗಿಯನ್ನು ಎಬ್ಬಿಸಿ "ರೀಡ್ ದಿಸ್ ಪ್ಯಾಸೇಜ್" ಎಂದಾಗಲೆಲ್ಲ ಯಾರಾದರೂ ಕೆಮ್ಮುತ್ತಿದ್ದರು. ಕೆಮ್ಮು ನಿಲ್ಲುವ ಹೊತ್ತಿಗೆ ಇನ್ನೊಬ್ಬಳಿಗೆ ಬಾತ್‌ರೂಮು. ಅವಳು ಬಾಗಿಲು ದಾಟುವಷ್ಟರಲ್ಲಿ ಮತ್ತೊಬ್ಬಳ ನೀರಿನ ಬಾಟಲಿ ನನ್ನ ಸೀರೆಯ ಮೇಲೆ. ಗಲಾಟೆ ಅಡಗಿದಾಗ ಓದಲು ಎದ್ದು ನಿಂತಿರುತ್ತಿದ್ದವಳು ಉದ್ದ ಜಡೆಯವಳು, ಕ್ಲಾಸಿನ ಲೀಡರು. ಕೋಲಾರದ ಕಡೆಯಿಂದ ಬಂದ ಫ್ಯಾಕ್ಟರಿ ಕೆಲಸಗಾರನ ಮಗಳು, ಮಹಾ ಬಾಯಿ.

ನನ್ನ ಉಚ್ಚಾರಣೆಯನ್ನು ಗೇಲಿ ಮಾಡುತ್ತಿದ್ದಾರೆ ಎಂದುಕೊಂಡೆ. ಇದು ಏನೋ ಸಿಗ್ನಲ್ಲು. ಮುದುಕಿ ಇಂಗ್ಲಿಷ್ ಶುರುಮಾಡಿದಳು, ಕೆಮ್ಮಿರೇ! ಈ ವಯಸ್ಸಿನಲ್ಲೂ ಅದು ಚುಚ್ಚಿತು.

ಮುಂದಿನ ಶನಿವಾರ ಉದ್ದ ಜಡೆಯವಳನ್ನು ಕ್ಲಾಸು ಮುಗಿದ ಮೇಲೆ ನಿಲ್ಲಿಸಿಕೊಂಡೆ. ತಳಿಯ ಹುಡುಗಿ ಬಾಗಿಲಲ್ಲೇ ಉಳಿದಳು.

"ಈ ಕೆಮ್ಮಿನ ನಾಟಕ ಯಾಕೆ? ನನ್ನನ್ನ ಗೇಲಿ ಮಾಡೋಕಾ? ಎಚ್.ಎಂ.ಗೆ ಹೇಳ್ತೀನಿ, ನೋಡು."

"ಹೇಳ್ಕಳಿ ಮಿಸ್. ನೀವು ಹೆಂಗಿದ್ರೂ ಎಲ್ಲಾ ಹೇಳ್ತೀರಲ್ಲ."

"ನಾನಾ? ಏನು ಹೇಳಿದೆ?"

"ಮತ್ತೆ ವಾರವಾರ ಅಲ್ಲಿ ಕೂತ್ಕಂಡು ಕಾಫಿ ಕುಡಿಯೋದು ಯಾಕೆ? ಬಾಗ್ಲು ಬೇರೆ ಹಾಕ್ಕತೀರಿ."

ನನಗೆ ನಗು ಬಂತು, ಕೋಪವೂ ಬಂತು. ಎಚ್.ಎಂ. ರೂಮಿನ ಕಾಫಿ! ಹೆದ್ದಾರಿಯ ಲಾರಿಗಳ ಸದ್ದಿಗೆ ಬಾಗಿಲು ಹಾಕುತ್ತಿದ್ದದ್ದು ಅಷ್ಟೆ. ಅದನ್ನು ಹೇಳಹೊರಟೆ. ಅಷ್ಟರಲ್ಲಿ ಬಾಗಿಲಲ್ಲಿದ್ದವಳು ಒಳಗೆ ಬಂದಳು.

"ಅವಳ್ನ ಬಿಡಿ ಮಿಸ್. ನನ್ನಿಂದ ಆಗಿದ್ದು. ನಂಗೆ ಇಂಗ್ಲಿಷ್ ಓದಾಕೆ ಬರಲ್ಲ."

"ಏಯ್, ಸುಮ್ಕಿರೇ! ಲೂಸಾ ನೀನು?" ಎಂದು ಉದ್ದ ಜಡೆಯವಳು ಅವಳ ಕೈ ಜಗ್ಗಿದಳು.

"ಯಾವತ್ತಾದ್ರೂ ಗೊತ್ತಾಗೋದೇ ಕಣೆ. ನೀನ್ಯಾಕೆ ಬೈಸ್ಕಂತೀಯಾ?"

ಅವಳು ಐದನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದವಳು. ಆಮೇಲೆ ಇಲ್ಲಿ ತಮಿಳು, ಇಂಗ್ಲಿಷ್ ಎರಡೂ ಒಟ್ಟಿಗೆ ಮೈಮೇಲೆ ಬಿದ್ದವು. ಮಾತಿಗೆ ಕೊರತೆಯಿಲ್ಲ, ಬಸ್ಸಿನಲ್ಲಿ ತೆಲುಗು, ಕ್ಲಾಸಿನಲ್ಲಿ ತಮಿಳು, ಮನೆಯಲ್ಲಿ ಕನ್ನಡ. ತಮಿಳು ಅಕ್ಷರಗಳು ಹೇಗೋ ಕೂಡಿಬಂದವು, ಇಂಗ್ಲಿಷ್ ಕೂಡಿಬರಲಿಲ್ಲ. ಗೆಳತಿಯರು ಉತ್ತರಗಳನ್ನು ಓದಿ ಹೇಳುತ್ತಾರೆ, ಇವಳು ಬಾಯಿಪಾಠ ಮಾಡುತ್ತಾಳೆ, ಚಿತ್ರ ಬರೆದ ಹಾಗೆ ಬರೆಯುತ್ತಾಳೆ. ಅದು ತಿಳಿದರೆ ಆಗುವುದೇನೆಂದು ಆ ಶಾಲೆಯಲ್ಲಿ ಎಲ್ಲರಿಗೂ ಗೊತ್ತು. ಗೇಟಿನ ಮೇಲೆ ಹತ್ತನೇ ತರಗತಿ ನೂರಕ್ಕೆ ನೂರು ಪಾಸ್ ಎಂಬ ಬ್ಯಾನರ್ ತೂಗುತ್ತದೆ. ಅದು ಇಳಿಯಬಾರದೆಂದರೆ, ಫೇಲಾಗಬಹುದು ಅನ್ನಿಸಿದವರ ತಂದೆತಾಯಿಯನ್ನು ಒಂಬತ್ತರ ಕೊನೆಯಲ್ಲೇ ಕರೆಸಿ, ಟಿ.ಸಿ. ಕೈಗೆ ಕೊಟ್ಟು, ಬೇರೆ ಕಡೆ ಸೇರಿಸಿ ಎನ್ನುತ್ತಾರೆ.

"ನಮ್ಮವ್ವ ಬೇರೆ ಸ್ಕೂಲಿಗೆ ಹಾಕಲ್ಲ ಮಿಸ್. ಪಾಲಿಹೌಸಿಗೆ ಬಾ ಅಂತಾಳೆ, ಅಷ್ಟೇಯ," ಎಂದಳು.

ಅದಕ್ಕೇ ವರ್ಷವಿಡೀ ಕೆಮ್ಮು. ಅದಕ್ಕೇ ಎಲ್ಲರೂ ಹ್ಯಾಪಿ. ನಿಜ ಹೇಳಹೊರಟರೆ ಮಾತು ಅವಳ ಕಡೆಗೆ ಜಾರಬಹುದೆಂದು ಒಂದೇ ಮಾತನ್ನು ಎಲ್ಲರೂ ಹಂಚಿಕೊಂಡಿದ್ದರು. ಇವರಿಗೂ ಒಂದು ಬಿಲ್ಲೆ ಇತ್ತು. ಅದು ಯಾರ ಕೊರಳಿಗೂ ಬೀಳದ ಹಾಗೆ ಇವರು ಬಚ್ಚಿಟ್ಟಿದ್ದರು.

ಆ ಶನಿವಾರವೂ ಕಾಫಿಗೆ ಕರೆ ಬಂತು. ಹೋಗದಿದ್ದರೆ ಎಚ್.ಎಂ.ಗೆ ಇನ್ನೊಂದು ಅನುಮಾನ.

"ವಾಂಗ ಮೇಡಂ, ಕೂತ್ಕೊಳ್ಳಿ," ಎಂದರು ಎಚ್.ಎಂ. ಬಾಗಿಲು ಹಾಕಿದರು. ಆ ಸದ್ದು ನನಗೆ ಮೊದಲ ಸಲ ಕೇಳಿಸಿತು. ಒಂದು ಗುಟುಕು ಕುಡಿಯುವಷ್ಟರಲ್ಲಿ ಕೇಳಿಯೇಬಿಟ್ಟರು, "ಆ ತಳಿ ಹುಡುಗಿ ಹೆಂಗೆ ಮೇಡಂ? ನಂಗೇನೋ ಡೌಟು. ನೀವು ಓದಿಸಿರ್ತೀರಲ್ಲ. ನೀವು ಹೇಳಿದ್ರೆ ಮುಗೀತು."

ಹುಡುಗಿಯರ ಅನುಮಾನ ಸುಳ್ಳಾಗಿರಲಿಲ್ಲ ಹಾಗಾದರೆ. ನಾನು ಹೇಳುವವಳೇ ಆಗಿದ್ದೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ.

ನನಗೆ ಕೆಮ್ಮು ಬಂತು. ನಿಜವಾದದ್ದೇ ಎಂದು ಆಣೆ ಮಾಡಲಾರೆ. ನೀರು ತರಿಸಿದರು, ಫ್ಯಾನು ಜೋರು ಮಾಡಿದರು. ಕೆಮ್ಮು ನಿಂತ ಮೇಲೂ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೆಮ್ಮಿಗೆ ಅಷ್ಟೇ ಆಯುಸ್ಸು.

"ಓದೋದು ಬಹಳ ವೀಕ್," ಎಂದೆ. "ರಜದಲ್ಲಿ ನಾನು ಓದಿಸ್ತೀನಿ. ಜೂನ್‌ನಲ್ಲಿ ಇದೇ ಕುರ್ಚಿಯಲ್ಲಿ ಕೂರಿಸಿ ನೀವೇ ಟೆಸ್ಟ್ ಮಾಡಿ. ಅಲ್ಲೀವರೆಗೆ ಟಿ.ಸಿ. ಮಾತು ಬೇಡ. ಪ್ಲೀಸ್."

"ನಿಮಗ್ಯಾಕೆ ಮೇಡಂ ಇಷ್ಟು ಇಂಟರೆಸ್ಟು? ಏನೋ ಐತೆ," ಎಂದು ಕಣ್ಣು ಕಿರಿದು ಮಾಡಿದರು. "ಸರಿ. ಜೂನ್. ಓದದಿದ್ರೆ ನನ್ನ ಬೈಬೇಡಿ."

ಫೇರ್‌ವೆಲ್ ದಿನ ಒಂಬತ್ತನೆಯವರು ವೇದಿಕೆ ಹತ್ತಿ, ಒಬ್ಬೊಬ್ಬರಾಗಿ ಖುಷಿಯಾಗಿದ್ದರು. ಎಚ್.ಎಂ. ಚಪ್ಪಾಳೆ ತಟ್ಟಿದರು. ನಾನು ತಟ್ಟಿದ್ದು ಕೊಂಚ ಜೋರಾಗೇ ಇರಬೇಕು. ಉದ್ದ ಜಡೆಯವಳು ತಿರುಗಿ ನೋಡಿದಳು.

ಬೇಸಿಗೆ ರಜದಲ್ಲಿ ತಳಿಯ ಹುಡುಗಿ ಮನೆಗೆ ಬರತೊಡಗಿದಳು. ಒಬ್ಬಳೇ ಅಲ್ಲ. ಉದ್ದ ಜಡೆಯವಳು ಕಾವಲಿಗೆ ಬಂದು ಸೋಫಾದ ತುದಿಯಲ್ಲಿ ಕೂತು, ಮೇಜಿನ ಮೇಲಿನ ನನ್ನ ಫೋನನ್ನೇ ನೋಡುತ್ತಿದ್ದಳು.

"ರೆಕಾರ್ಡ್ ಆಯ್ತಾ ಐತಾ ಮಿಸ್?"

"ನನಗೆ ಫೋನ್ ಕಟ್ ಮಾಡೋಕೇ ಸರಿಯಾಗಿ ಬರಲ್ಲ ಕಣೆ."

"ಹಂಗೇ ಅಂತಾರೆ ಎಲ್ರೂ." ಅವಳು ಫೋನನ್ನು ಬೋರಲು ಮಾಡಿ, ಮೇಲೊಂದು ದಿಂಬು ಇಟ್ಟಳು.

ಪಾಠದ ಪುಸ್ತಕ ತೆಗೆದರೆ ತಳಿಯ ಹುಡುಗಿಯ ಮುಖ ಕಲ್ಲಾಗುತ್ತಿತ್ತು. ಒಂದು ದಿನ ಅವಳು ತಾಯಿಯ ಕೆಲಸದ ಕಡೆಯಿಂದ ಹೂವಿನ ಡಬ್ಬದ ಹರಿದ ರಟ್ಟು ತಂದಳು, ಕೆಳಗೆ ಹಾಸಿಕೊಂಡು ಕೂರಲು. ಅದರ ಮೇಲೆ ದಪ್ಪಕ್ಷರದಲ್ಲಿ 'ದಿಸ್ ಸೈಡ್ ಅಪ್', 'ಹ್ಯಾಂಡಲ್ ವಿತ್ ಕೇರ್' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಇದೇನೆಂದು ಕೇಳಿದೆ. ಬಾಣದ ಗುರುತು ನೋಡಿ ಅರ್ಥ ಸರಿಯಾಗಿ ಹೇಳಿದಳು. ಅಮ್ಮನಿಗೆ ಸೂಪರ್‌ವೈಸರ್ ದಿನಾ ಕಿರುಚುವ ಮಾತಂತೆ. ಅರ್ಥ ಮೊದಲೇ ಕೈಯಲ್ಲಿತ್ತು, ಅಕ್ಷರ ಹೊಂದಿಸುವುದಷ್ಟೇ ಉಳಿದಿತ್ತು. ರಟ್ಟಿನಿಂದ ಶುರುಮಾಡಿ, ಬಿಸ್ಕತ್ತಿನ ಪೊಟ್ಟಣ, ಸೋಪಿನ ಕವರು ದಾಟಿ, ಮಾವಿನಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಪಾಠದ ಪುಸ್ತಕಕ್ಕೆ ಬಂದೆವು.

ನಡುನಡುವೆ ವರ್ಷವೂ ಹೊರಬಂತು, ಈ ಸಲ ಅಸಲಿಯದು. ಬಸ್ಸಿನಲ್ಲಿ ಚೆಂಡುಹೂವಿನ ಮೂಟೆಯ ಮೇಲೆ ಕೂತು ಬಂದ ದಿನ ಸೀನಿಯರ್‌ಗಳು, "ಮದುವೆಗೆ ಬಂದ್ಯೇನೇ?" ಎಂದು ಕಾಡಿಸಿದ್ದು. ಲ್ಯಾಬಿನಲ್ಲಿ ಲಿಟ್ಮಸ್ ಕಾಗದವನ್ನು ಉಪ್ಪಿನಕಾಯಿಗೆ ಅದ್ದಿ ಬೈಸಿಕೊಂಡದ್ದು. ಯಾವ ಶನಿವಾರ ಯಾರು ಕೆಮ್ಮಬೇಕೆಂದು ಶುಕ್ರವಾರವೇ ಜಗಳವಾಡಿದ್ದು. "ನೀವು ಪಾಪ, ಒಂದು ಸಲ ಇವಳಿಗೆ ಕೆಮ್ಮಿನ ಮಾತ್ರೆ ತಂದ್ಕೊಟ್ರಿ," ಎಂದು ತಳಿಯ ಹುಡುಗಿ ಗೆಳತಿಯ ಕಡೆ ಕೈ ತೋರಿಸಿದಳು, ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ದಿಂಬು ಫೋನಿನ ಮೇಲೇ ಇತ್ತು.

ಜೂನ್ ಬಂತು. ಎಚ್.ಎಂ. ರೂಮು, ಅದೇ ಕುರ್ಚಿ. ಪುಸ್ತಕವನ್ನು ಅವರೇ ನಡುವಿನಲ್ಲಿ ಎಲ್ಲೋ ತೆರೆದು ಮುಂದಿಟ್ಟರು. ಉದ್ದ ಜಡೆಯವಳು ಹೊರಗೆ ಕಾರಿಡಾರಿನಲ್ಲಿ ನಿಂತಿದ್ದಳು. ಈ ಸಲ ಬಾಗಿಲು ಹಾಕಲು ನಾನು ಬಿಡಲಿಲ್ಲ.

ಹುಡುಗಿ ಬೆರಳಿಟ್ಟು ಓದಿದಳು. ಒಂದು ಸಾಲು, ಇನ್ನೊಂದು. ಮೂರನೆಯ ಸಾಲಿನಲ್ಲಿ 'ನೇಬರ್‌ಹುಡ್' ಎಂಬ ಉದ್ದ ಪದ ಬಂತು. ಬೆರಳು ನಿಂತಿತು. ಎಚ್.ಎಂ. ಪೆನ್ನಿನ ಮುಚ್ಚಳ ತೆಗೆದರು. ನಾನು ಬಾಗಿಲ ಕಡೆ ನೋಡಿದೆ. ಕೆಮ್ಮುತ್ತಾಳೆ, ಈಗ ಕೆಮ್ಮುತ್ತಾಳೆ, ಎಲ್ಲ ಹಾಳುಮಾಡುತ್ತಾಳೆ ಎಂದುಕೊಂಡೆ. ಉದ್ದ ಜಡೆಯವಳು ಜಡೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು.

"ನೇ... ನೇಬರ್... ನೇಬರ್‌ಹುಡ್," ಎಂದು ಬೆರಳು ಮುಂದೆ ಹೋಯಿತು.

ಪುಟದ ಕೊನೆಯವರೆಗೂ ಓದಿಸಿದರು. "ಹೂಂ," ಎಂದರು ಎಚ್.ಎಂ. "ಸ್ಲೋ. ಹೋಗು, ಹತ್ತನೇ ಕ್ಲಾಸಲ್ಲಿ ಕೂತ್ಕೋ." ಆಮೇಲೆ ನನ್ನ ಕಡೆ ತಿರುಗಿ, "ಕಾಫಿ ಹೇಳಲಾ ಮೇಡಂ?"

ಹುಡುಗಿ ಪುಸ್ತಕ ಮುಚ್ಚಿ ಎದ್ದಿದ್ದಳು; ಆದರೆ ಹೊರಟಿರಲಿಲ್ಲ. ಬಾಗಿಲಲ್ಲಿ ಜಡೆಯ ತುದಿ ಹಲ್ಲಿನಿಂದ ಇಳಿದಿತ್ತು. ಇಬ್ಬರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಬೇಡ ಮೇಡಂ," ಎಂದೆ, "ಕ್ಲಾಸಿಗೆ ಲೇಟಾಗ್ತದೆ."