ಮೈಲಮ್ಮ ಕೊಟ್ಟ ರಜೆ

ನಮ್ಮ ಕಾಲಕ್ಕೆ ಹರಪನಹಳ್ಳಿಯ ಆ ಕಾನ್ವೆಂಟಿನಲ್ಲಿ ಓದಿದವರಿಗೆ ಫಿನಾಯಿಲ್ ವಾಸನೆ ಬಂದರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಬೆಳಿಗ್ಗೆ ಒರೆಸಿದ ವರಾಂಡ, ಸಿಸ್ಟರುಗಳು ಪ್ರಾರ್ಥನೆ ಮಾಡುವ ಚಾಪೆಲ್ಲಿನಿಂದ ಬರುವ ಮೇಣದಬತ್ತಿಯ ಹೊಗೆ, ದೊಡ್ಡ ಸಿಸ್ಟರ್ ಸೊಂಟದ ಜಪಸರದ ಸದ್ದು. ಆ ಸದ್ದು ಕೇಳಿದರೆ ತಪ್ಪು ಮಾಡದವರೂ ತಲೆ ತಗ್ಗಿಸುತ್ತಿದ್ದರು.

ನಾನು ತೆಲಿಗಿಯಿಂದ ಬಸ್ಸಿಗೆ ಬರುತ್ತಿದ್ದೆ. ನನ್ನ ಗೆಳತಿ ಮೈಲಮ್ಮನ ಊರು ಹಿರೇಹಡಗಲಿಯ ಹತ್ತಿರ. ಅಪ್ಪ ಕುರಿ ಸಾಕುವವನು. ಅವಳು ಪೇಟೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಊಟದ ಬಿಡುವಿನಲ್ಲಿ ನನ್ನ ರೊಟ್ಟಿ, ಅವಳ ಶೇಂಗಾ ಚಟ್ನಿ ಸೇರಿಸಿ ತಿನ್ನುವಾಗ ಅವಳು ಮಂಗಳೂರು ಕಡೆಯ ನಮ್ಮ ದೊಡ್ಡ ಸಿಸ್ಟರ್ ದನಿಯನ್ನು ತೆಗೆಯುತ್ತಿದ್ದಳು. ಕಣ್ಣು ಮುಚ್ಚಿದರೆ ಸಿಸ್ಟರೇ ಎದುರಿಗಿದ್ದಂತೆ.

ಒಂಬತ್ತನೇ ಕ್ಲಾಸಿನ ಒಂದು ಮಧ್ಯಾಹ್ನ ಸಿಸ್ಟರುಗಳೆಲ್ಲ ಚಾಪೆಲ್ಲಿಗೆ ಹೋಗಿದ್ದರು. ಆಫೀಸಿನ ಬಾಗಿಲು ತೆರೆದೇ ಇತ್ತು, ಮೇಜಿನ ಮೇಲೆ ಎಲ್ಲ ಕ್ಲಾಸಿಗೂ ಕೇಳುವ ಪ್ರಾರ್ಥನೆಯ ಮೈಕು.

"ಮೈಲಿ, ಸಿಸ್ಟರ್ ದನ್ಯಾಗ ಒಂದ್ ಸಲ ಅನ್ನು ಲೇ. ಯಾರೂ ಇಲ್ಲ," ಎಂದೆ.

"ಸಿಕ್ಕಿಬಿದ್ರ ನಮ್ಮಪ್ಪ ಸಾಲಿ ಬಿಡಿಸ್ತಾನ ಲೇ."

"ಯಾರಿಗೆ ಗೊತ್ತಾಗತೈತಿ? ನಾ ಅದೀನಲ್ಲ."

ಸ್ವಿಚ್ಚು ಹಾಕಿದ್ದು ನಾನು.

"ಮಕ್ಕಳೇ, ಇವತ್ತು ಮಧ್ಯಾಹ್ನ ರಜೆ ಉಂಟು. ಸಾಲಾಗಿ ಹೋಗಬೇಕು, ಆಯ್ತಾ," ಎಂದಳು ಮೈಲಮ್ಮ.

ನಾಲ್ಕು ಜನ ನಕ್ಕಾರು ಅಂದುಕೊಂಡಿದ್ದೆವು. ಇಡೀ ಶಾಲೆ ಎದ್ದಿತು. ವಾಚ್‌ಮನ್ ಗೇಟು ತೆರೆದ. ಸಿಸ್ಟರುಗಳು ಓಡಿ ಬಂದು ಗೇಟು ಹಾಕಿಸುವಷ್ಟರಲ್ಲಿ ಅರ್ಧ ಶಾಲೆ ರಸ್ತೆಯಲ್ಲಿತ್ತು. ದೊಡ್ಡವರೆಲ್ಲ ವಾಪಸು ಬಂದರು, ಚಿಕ್ಕವರನ್ನು ಕರೆತಂದರು. ಎಣಿಸಿದಾಗ ಒಂದನೇ ಕ್ಲಾಸಿನ ಸಹನಾ ಇರಲಿಲ್ಲ.

ಅವಳು ಮನೆಗೂ ಹೋಗಿರಲಿಲ್ಲ. ಅವಳ ತಾಯಿ ಚಪ್ಪಲಿ ಇಲ್ಲದೆ ಓಡಿ ಬಂದಳು. ಮಾಸ್ತರರು ಸೈಕಲ್ ಹತ್ತಿ ಕೆರೆಯ ಕಡೆ ಹೋದರು. ಕ್ಲಾಸಿನಲ್ಲಿ ನಮ್ಮನ್ನು ಕೂರಿಸಿದ್ದರು. ಮೈಲಮ್ಮ ಬೆಂಚಿನ ಕೆಳಗೆ ನನ್ನ ಕೈ ಹಿಡಿದಿದ್ದಳು. ಕಿಟಕಿಯಾಚೆ ದೊಡ್ಡ ಸಿಸ್ಟರ್ ಗೇಟಿನಿಂದ ಆಫೀಸಿಗೆ, ಆಫೀಸಿನಿಂದ ಗೇಟಿಗೆ ತಿರುಗುತ್ತಿದ್ದರು. ಸೊಂಟದ ಜಪಸರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಸಿಸ್ಟರಿಗೂ ಭಯವಾಗುತ್ತದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಫೋನು ಬಂತು. ಸಹನಾ ತಾನಾಗಿಯೇ ಬಸ್‌ಸ್ಟ್ಯಾಂಡಿಗೆ ನಡೆದು, ಅಜ್ಜಿ ಊರಿಗೆಂದು ಯಾವುದೋ ಬಸ್ಸು ಹತ್ತಿ ನಿದ್ದೆ ಹೋಗಿದ್ದಳು. ಹಗರಿಬೊಮ್ಮನಹಳ್ಳಿಯಲ್ಲಿ ಕಂಡಕ್ಟರು ಅವಳ ಕೊರಳ ಕಾರ್ಡು ನೋಡಿ ಫೋನು ಮಾಡಿದ್ದ.

ಸಿಸ್ಟರ್ ನಮ್ಮ ಕ್ಲಾಸಿಗೆ ಬಂದರು. ಕೈಯಲ್ಲಿ ಬೆತ್ತ ಇರಲಿಲ್ಲ.

"ಯಾರು?"

ಮೈಲಮ್ಮ ನನ್ನ ಕೈ ಬಿಟ್ಟು ಎದ್ದು ನಿಂತಳು. "ನಾನ್ರಿ ಸಿಸ್ಟರ್."

"ಜೊತೆಗೆ ಯಾರಿದ್ದರು?"

"ಯಾರೂ ಇದ್ದಿಲ್ರಿ."

ಏಳಬೇಕು ಅನ್ನಿಸಿತು. ಕಾಲು ಏಳಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕಾಲಿಗೆ ಏನೂ ಆಗಿರಲಿಲ್ಲ.

ಮರುದಿನ ಅವಳ ಅಪ್ಪ ಬಂದ. ಹೆಗಲ ಕಂಬಳಿ ತೆಗೆದು ಕೈಯಲ್ಲಿ ಹಿಡಿದು ಆಫೀಸಿನ ಮುಂದೆ ನಿಂತ. ಒಂದು ವಾರ ಶಾಲೆಗೆ ಬರಬಾರದು, ಆಮೇಲೆ ಕಳಿಸಿ ಎಂದರು ಸಿಸ್ಟರ್.

"ಬ್ಯಾಡ ಬಿಡ್ರಿ ಅಮ್ಮಾರ. ಸಾಕು ಓದಿದ್ದು," ಎಂದ.

ಮೈಲಮ್ಮ ಚೀಲ ಎದೆಗವಚಿಕೊಂಡು ಅವನ ಹಿಂದೆ ಹೋದಳು. ತಿರುಗಿ ನೋಡಲಿಲ್ಲ.

ಹತ್ತು ದಿನದ ಮೇಲೆ, ಊಟ ಸೇರದೆ, ನಾನೇ ಹೋಗಿ ಸಿಸ್ಟರಿಗೆ ಎಲ್ಲ ಹೇಳಿದೆ. ಅವರು ಹೊಡೆಯಲಿಲ್ಲ. "ಅವತ್ತೇ ಹೇಳಿದ್ದರೆ ಶಿಕ್ಷೆ ಇಬ್ಬರಿಗೂ ಹಂಚುತ್ತಿತ್ತಲ್ಲ ಮಗು," ಎಂದರು. ಆ ಭಾನುವಾರ ಮೈಲಮ್ಮನ ಊರಿಗೂ ಹೋಗಿ ಬಂದರು. ಕುರಿ ಹಿಂಡಿನ ಜೊತೆ ಮನೆಯವರೆಲ್ಲ ಹೊಳೆಯ ಕಡೆ ವಲಸೆ ಹೋಗಿದ್ದರಂತೆ, ಅವಳು ಸಿಗಲಿಲ್ಲ.

ಹೋದ ವರ್ಷ ಹಡಗಲಿಯ ಸಂತೆಯಲ್ಲಿ ಅವಳನ್ನು ಕಂಡೆ. ಮಗಳ ಕೈ ಹಿಡಿದು ಮೆಣಸಿನಕಾಯಿ ಆರಿಸುತ್ತಿದ್ದಳು. ನಾನು ಹತ್ತಿರ ಹೋಗಿ "ಮೈಲಿ" ಎಂದೆ. ಗುರುತು ಹಿಡಿದಳು, ನಕ್ಕಳು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಆರಾಮ ಅದೀರೇನ್ರಿ?" ಎಂದು ಕೇಳಿದಳು.