ಹಿಂದೆ ಸ್ಪ್ರಿಂಗ್ ಇಲ್ಲದ ಸೈಕಲ್

ಆರು ವರ್ಷ ಓಡಿಸಿದ ಫುಲ್ ಸಸ್ಪೆನ್ಷನ್ ಸೈಕಲ್ಲನ್ನು ಕೊಟ್ಟು, ಹಿಂದೆ ಸ್ಪ್ರಿಂಗ್ ಇಲ್ಲದ ಹಾರ್ಡ್‌ಟೇಲ್ ತಂದಾಗ, ಯಾಕೆ ಅಂತ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದೆ: ಸುಸ್ತಾಯಿತು. ಸುಳ್ಳೇನಲ್ಲ. ಮುಂದೊಂದು ಹಿಂದೊಂದು ಶಾಕ್ ಅಬ್ಸಾರ್ಬರ್ ಇದ್ದ ಆ ಸೈಕಲ್ಲನ್ನು ತ್ಯಾಗರಾಜನಗರದ ನಮ್ಮ ಎರಡನೇ ಮಹಡಿಗೆ ಹೆಗಲ ಮೇಲೆ ಹೊತ್ತು ತರುವಷ್ಟರಲ್ಲಿ, ಸವಾರಿಯ ಖುಷಿಯೆಲ್ಲ ಮೆಟ್ಟಿಲ ಮೇಲೇ ಖಾಲಿಯಾಗುತ್ತಿತ್ತು. ಶಾಕಿಗೆ ಗಾಳಿ ತುಂಬಲು ಬೇರೆಯದೇ ಪಂಪು. ಹಿಂದಿನ ಕೀಲುಗಳಲ್ಲಿ ಧೂಳು ಹೊಕ್ಕರೆ ದಾರಿಯುದ್ದಕ್ಕೂ ಕಿರಕಿರ. ಶಾಕಿನ ಸೀಲ್ ಸೋರಿದರೆ ಹೊಸದು ಬರಲು ತಿಂಗಳುಗಟ್ಟಲೆ ಕಾಯಬೇಕು. ವಾರಕ್ಕೊಂದು ದಿನ ಹೊಸಕೆರೆಹಳ್ಳಿ ಕಡೆ, ಇಲ್ಲವೇ ತುರಹಳ್ಳಿ ಕಡೆ ಹೋಗಿಬರುವುದಕ್ಕೆ ಉಳಿದ ಆರು ದಿನ ಅದರ ಸೇವೆ. ಐವತ್ತು ದಾಟಿದವನಿಗೆ ಅಷ್ಟು ಶ್ರದ್ಧೆ ಎಲ್ಲಿಂದ ಬರಬೇಕು? ಆಫೀಸಿನ ಸೇವೆಯೇ ಸಾಕು ಸಾಕಾಗಿದೆ.

ಆದರೆ ಆ ಸೈಕಲ್ ನೋಡಿದರೇ ಸುಸ್ತಾಗಲು ಶುರುವಾದದ್ದು ಇದ್ಯಾವುದರಿಂದಲೂ ಅಲ್ಲ. ಹೋದ ವರ್ಷದ ವಿಜಯದಶಮಿಯ ಬೆಳಿಗ್ಗೆ ನಾನು ಅಪ್ಪನ ಮೇಲೆ ಕೂಗಾಡಿದ್ದರಿಂದ.

ಅಪ್ಪನಿಗೆ ಎಪ್ಪತ್ತೆಂಟು. ನಮ್ಮ ಜೊತೆಯಲ್ಲೇ ಇದ್ದಾರೆ. ಕಾರ್ಖಾನೆಯ ಕೆಲಸಕ್ಕೆ ಮೂವತ್ತು ವರ್ಷ ಒಂದೇ ಸೈಕಲ್ಲಿನಲ್ಲಿ ಹೋಗಿಬಂದವರು. ಭಾನುವಾರ ಅದಕ್ಕೆ ಸ್ಟ್ಯಾಂಡ್ ಹಾಕಿ, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಅಮ್ಮನ ಹೊಲಿಗೆ ಮೆಷಿನ್ನಿನ ಎಣ್ಣೆ ಡಬ್ಬಿಯಿಂದ ಚೈನಿಗೆ ತೊಟ್ಟು ತೊಟ್ಟಾಗಿ ಎಣ್ಣೆ ಬಿಡುತ್ತಿದ್ದರು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಪೆಡಲ್ ತಿರುಗಿಸುವುದು ನನ್ನ ಕೆಲಸ. "ನಿಧಾನಕ್ಕೋ" ಅಂತ ಅವರು ಹೇಳುವುದು, ನಾನು ಜೋರಾಗಿ ತಿರುಗಿಸಿ ಅವರ ಅಂಗಿಗೆ ಎಣ್ಣೆ ಸಿಡಿಸಿ ಬೈಸಿಕೊಳ್ಳುವುದು, ಪ್ರತಿ ವಾರವೂ ಇದೇ.

ಹೋದ ವರ್ಷ ಆಯುಧಪೂಜೆಯ ದಿನ ನಾನು ಏಳುವಷ್ಟರಲ್ಲಿ ಬಾಲ್ಕನಿಯಲ್ಲಿದ್ದ ನನ್ನ ಸೈಕಲ್ ಥಳಥಳ ಹೊಳೆಯುತ್ತಿತ್ತು. ಅಪ್ಪ ಕತ್ತಲಿರುವಾಗಲೇ ಎದ್ದು ಸೋಪು ಹಾಕಿ ತೊಳೆದು, ಕಬ್ಬಿಣ ಕಂಡಲ್ಲೆಲ್ಲ ಎಣ್ಣೆ ಸವರಿ, ಹ್ಯಾಂಡಲ್ಲಿಗೆ ಚೆಂಡುಹೂವು ಸುತ್ತಿದ್ದರು. "ಇಷ್ಟು ದೊಡ್ಡ ಸೈಕಲ್ಲು, ಹೆಂಗಿಟ್ಕೊಂಡಿದ್ಯಲ್ಲೋ" ಅಂದರು. ಮುಖದಲ್ಲಿ ಮಾತ್ರ ಸಂತೋಷ. ನಾನೂ ಖುಷಿಪಟ್ಟೆ. ನಿಂಬೆಹಣ್ಣು, ಕುಂಬಳಕಾಯಿ, ಮಂಗಳಾರತಿ ಎಲ್ಲ ಆಯಿತು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟಬಾರದೆಂದು ನಾನೂ ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ಕೆಳಗಿಳಿಸಿ ಹೊರಟೆ. ನಮ್ಮ ರಸ್ತೆ ಮುಗಿಯುವಲ್ಲಿ ಸಣ್ಣ ಇಳಿಜಾರು. ಬ್ರೇಕ್ ಒತ್ತಿದೆ, ಹಿಡಿಯಲಿಲ್ಲ. ಎರಡೂ ಒತ್ತಿದೆ. ಸೈಕಲ್ ತನ್ನ ಪಾಡಿಗೆ ತಾನು ಹೋಗಿ, ಬಾಳೆಕಂದು ಕಟ್ಟಿಕೊಂಡು ನಿಂತಿದ್ದ ಆಟೋದ ಹಿಂಭಾಗಕ್ಕೆ ಗುದ್ದಿತು.

"ಏನ್ ಸಾರ್ ನೀವು, ನಿನ್ನೆ ತಾನೇ ಪೂಜೆ ಮಾಡಿದೀನಿ!" ಅಂತ ಆಟೋದವನು ಇಳಿದುಬಂದ. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟೆಲ್ಲಾ ಐತೆ, ಬ್ರೇಕೇ ಇಲ್ವಾ?" ಅಂದ. ನನಗೆ ಮೊಣಕೈ ತರಚಿತ್ತು, ಅಷ್ಟೇ. ಮರ್ಯಾದೆಗೆ ಬಿದ್ದ ಪೆಟ್ಟು ಅದಕ್ಕಿಂತ ದೊಡ್ಡದಿತ್ತು ಅನ್ನಿಸುತ್ತದೆ. ಹತ್ತಿರ ಬಗ್ಗಿ ನೋಡಿದರೆ ಚಕ್ರದ ನಡುವಿನ ಡಿಸ್ಕ್ ಬಿಲ್ಲೆಗಳು ಎಣ್ಣೆಯಲ್ಲಿ ಮಿಂಚುತ್ತಿದ್ದವು. ಇಂಥ ಸೈಕಲ್ಲಿನಲ್ಲಿ ಬ್ರೇಕ್ ಹಿಡಿಯುವುದು ಆ ಬಿಲ್ಲೆಯನ್ನೇ.

ಸೈಕಲ್ ಹೊತ್ತು ಮೇಲೆ ಬಂದು, ಏದುಸಿರಿನಲ್ಲೇ ಕೂಗಿದೆ. "ಗೊತ್ತಿಲ್ದೇ ಇರೋದನ್ನ ಯಾಕಪ್ಪಾ ಮುಟ್ತೀರಾ? ಸಾಯ್ತಿದ್ದೆ ನಾನಿವತ್ತು!"

ಅಪ್ಪ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, ಒಣಗಿದ್ದ ಕೈಯನ್ನೇ ಟವೆಲ್ಲಿಗೆ ಒರೆಸಿಕೊಂಡು ಒಳಗೆ ಹೋದರು. "ಹಬ್ಬದ ದಿನ ಹಂಗೆಲ್ಲಾ ಮಾತಾಡ್ಬೇಕಿತ್ತಾ?" ಅಂತ ಹೆಂಡತಿ ಕೇಳಿದಳು. ಅವಳಿಗೂ ಏನೋ ಒರಟಾಗಿ ಹೇಳಿದೆ. ಏನೆಂದು ನೆನಪಿಲ್ಲ.

ವಾರ ಕಳೆದು ಜೆ.ಪಿ. ನಗರದ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ತೆಗೆದು ಎಸೆದ. ಆಮೇಲೆ ಚಕ್ರದ ಅಂಚಿನ ಸುತ್ತ ಬೆರಳಾಡಿಸಿ ಕೇಳಿದ, "ಯಾರ್ ಸಾರ್ ಕ್ಲೀನ್ ಮಾಡಿದ್ದು?"

"ನಮ್ಮಪ್ಪ. ಯಾಕೆ?"

"ರಿಮ್ ನೋಡಿ. ಎಲ್ಲಾ ಕಡೆ ಎಣ್ಣೆ ಇದೆ, ರಿಮ್ಮಲ್ಲಿ ಮಾತ್ರ ಒಂದ್ ತೊಟ್ಟಿಲ್ಲ. ಡ್ರೈ ಬಟ್ಟೇಲಿ ನೀಟಾಗಿ ಒರೆಸವ್ರೆ. ಹಳೇ ಸೈಕಲ್ಲಲ್ಲಿ ಬ್ರೇಕ್ ಅಲ್ಲೇ ಅಲ್ವಾ ಹಿಡಿಯೋದು. ತಿಳಿದೋರೇ ಸಾರ್ ಮಾಡಿರೋದು."

ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬ್ರೇಕಿಗೆ ಎಣ್ಣೆ ತಾಗಬಾರದೆಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮಗ ಬೀಳಬಾರದೆಂದು ಎರಡೂ ಚಕ್ರದ ಅಂಚನ್ನು ಸುತ್ತಲೂ ಒರೆಸಿ ಒಣಗಿಸಿದ್ದರು. ಬ್ರೇಕ್ ಜಾಗ ಬದಲಾಯಿಸಿದ್ದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ನನಗೆ ನಾಚಿಕೆಯಾಯಿತು.

ಮನೆಗೆ ಹೋಗಿ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಇವತ್ತು ಬೇಡ, ಭಾನುವಾರ ನೋಡೋಣ ಅನ್ನುತ್ತ ತಿಂಗಳುಗಳು ಹೋದವು. ಅಪ್ಪ ಬಾಲ್ಕನಿಗೆ ಬಟ್ಟೆ ಒಣಗಿಸಲು ಹೋದಾಗ ಸೈಕಲ್ಲಿಗೆ ಪಂಚೆಯ ಅಂಚೂ ತಾಗದ ಹಾಗೆ ಅಡ್ಡಡ್ಡವಾಗಿ ನುಸುಳುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಸವಾರಿಯೇ ಬೇಡ ಅನ್ನಿಸುತ್ತಿತ್ತು. ಅಪ್ಪ ಮತ್ತೆ ಒಂದು ಸಲ ನನ್ನ ಸೈಕಲ್ ಮುಟ್ಟಬೇಕು. ನನಗೆ ಬೇಕಾಗಿದ್ದು ಅಷ್ಟೇ, ಕೇಳುವ ಮುಖ ಇರಲಿಲ್ಲ.

ಈ ಬೇಸಿಗೆಯಲ್ಲಿ ಹಿಂದಿನ ಶಾಕ್ ಮತ್ತೆ ಸೋರಿತು. ಇನ್ನು ಇದರ ಸಹವಾಸ ಸಾಕೆಂದು ಅದೇ ಮೆಕ್ಯಾನಿಕ್ಕಿಗೆ ಒಪ್ಪಿಸಿ, ಹಾರ್ಡ್‌ಟೇಲ್ ತಂದೆ. ಮುಂದೆ ಮಾತ್ರ ಶಾಕ್, ಹಿಂದೆ ಗಟ್ಟಿ ಕಬ್ಬಿಣ. ಮೊದಲ ದಿನವೇ ಬನಶಂಕರಿಯ ಒಂದೊಂದು ಹಳ್ಳವೂ ನನ್ನ ಸೊಂಟವನ್ನು ಮಾತಾಡಿಸಿತು. ಹಳೆಯದರಲ್ಲಿ ಕುಳಿತೇ ದಾಟುತ್ತಿದ್ದ ಹಂಪುಗಳಿಗೆ ಈಗ ಎದ್ದು ನಿಲ್ಲಬೇಕು. ಸುಸ್ತು ಕಡಿಮೆಯಾಗಲಿಲ್ಲ, ಜಾಗ ಬದಲಾಯಿಸಿತು. ಆದರೂ ಮೆಟ್ಟಿಲು ಹತ್ತಿಸುವುದು ಸುಲಭವಾಯಿತು, ಕಿರಕಿರ ನಿಂತಿತು. ಅಪ್ಪ ಪೇಪರ್ ಪಕ್ಕಕ್ಕೆ ಸರಿಸಿ ನೋಡಿ, ನನಗಲ್ಲ, ನನ್ನ ಹೆಂಡತಿಗೆ ಹೇಳಿದರು: "ಇದು ಸೈಕಲ್ ಥರ ಇದೆಯಮ್ಮ."

ಈ ಸಲ ಆಯುಧಪೂಜೆಯ ಬೆಳಿಗ್ಗೆ ಎಣ್ಣೆ ಡಬ್ಬಿ ಹುಡುಕಿ ತಂದು ಅವರ ಮುಂದೆ ನಿಂತೆ. "ಅಪ್ಪ, ಸೈಕಲ್ಲಿಗೆ ಎಣ್ಣೆ ಬಿಡ್ಬೇಕು. ಬರ್ತೀರಾ?"

"ನೀನೇ ಬಿಡು. ನಂಗದೆಲ್ಲಾ ಗೊತ್ತಾಗಲ್ಲ."

ನನ್ನ ಮಾತೇ ನನಗೆ ವಾಪಸ್ ಬಂತು. ಹೋಗದೆ ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಅವರು ಕುರ್ಚಿಯ ಕೈ ಹಿಡಿದು ಎದ್ದು ಬಾಲ್ಕನಿಗೆ ಬಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಸೈಕಲ್ಲಿನ ಸುತ್ತ ಒಮ್ಮೆ ನೋಡಿದರು.

"ಬ್ರೇಕ್ ಎಲ್ಲಿದೆ? ಮೊದ್ಲು ಅದನ್ನ ತೋರಿಸು."

ಬಿಲ್ಲೆ ತೋರಿಸಿದೆ. ಪ್ಯಾಡ್ ಅದನ್ನು ಹೇಗೆ ಹಿಡಿಯುತ್ತದೆಂದು ಲಿವರ್ ಒತ್ತಿ ತೋರಿಸಿದೆ. ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. "ಓಹೋ. ಇಲ್ಲಿಗೆ ಬಂದಿದ್ಯಾ ಇದು" ಅಂದರು. ಆಮೇಲೆ, ಮೆಲ್ಲಗೆ, "ಹೋದ್ ವರ್ಷ ಕೇಳ್ಬೇಕಿತ್ತು ನಾನು."

ಆರು ವರ್ಷ ಆ ಸೈಕಲ್ ಅವರ ಕಣ್ಣೆದುರೇ ನಿಂತಿತ್ತು. ಒಂದು ದಿನವೂ ನಾನು ಕರೆದು ತೋರಿಸಿರಲಿಲ್ಲ.

"ನೀವಲ್ಲಪ್ಪ, ನಾನು ಹೇಳ್ಬೇಕಿತ್ತು. ಅವತ್ತು ಕೂಗಾಡಿದ್ದು ತಪ್ಪಾಯ್ತು" ಅಂದೆ. ಬಿಲ್ಲೆಯ ಕಡೆಗೇ ನೋಡುತ್ತ, ಸಣ್ಣ ದನಿಯಲ್ಲಿ.

ಅವರಿಗೆ ಕೇಳಿಸಿತೋ ಇಲ್ಲವೋ. ಹಳೆಯ ಬನಿಯನ್ ಬಟ್ಟೆಯನ್ನು ಮಡಿಸಿ ಬಿಲ್ಲೆಯ ಮೇಲೆ ಹೊದಿಸಿ, ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು.

"ಸರಿ, ಕೂತ್ಕೋ. ಪೆಡಲ್ ತಿರುಗಿಸು. ನಿಧಾನಕ್ಕೆ."

ಮಂಡಿ ಲಟಕ್ಕೆಂದಿತು. ಕೂತೆ. ನಿಧಾನಕ್ಕೆ ತಿರುಗಿಸಿದೆ.